ಹೊಗೆ ಕಾಣದ ಕೆಂಡವೇ ಹೆಚ್ಚು ಅಪಾಯ: ಶಟರ್ ಅಂಗಡಿ, ಶೆಡ್ಡು, ಗ್ಯಾರೇಜಿನಲ್ಲಿ ತಂದೂರ್ ಭಟ್ಟಿ ಇಟ್ಟವರು ತಿಳಿದಿರಬೇಕಾದ್ದು

ರಾಯಚೂರು: ಸಂಜೆ ಆಯ್ತಂದ್ರೆ ರಾಯಚೂರು ನಗರ, ಮಾನ್ವಿ, ದೇವದುರ್ಗ ಮೂರೂ ಕಡೆ ಕಬಾಬ್, ತಂದೂರಿ ರೊಟ್ಟಿ, ಸುಟ್ಟ ಕೋಳಿಯ ವಾಸನೆ ಬಜಾರಿಗೆಲ್ಲ ಹಬ್ಬುತ್ತದೆ. ಮೊದಲು ತಳ್ಳುಗಾಡಿ ಮೇಲೆ, ಬಯಲಿನಲ್ಲಿ ಇದ್ದ ಈ ವ್ಯಾಪಾರ ಈಗ ಒಂದು ಶಟರಿನ ಮಳಿಗೆ, ಮನೆ ಮುಂದಿನ ಕಾರ್ ಗ್ಯಾರೇಜು, ತಗಡಿನ ಶೆಡ್ಡುಗಳ ಒಳಗೆ ಬಂದಿದೆ. ಮಣ್ಣಿನ ತಂದೂರ್, ಕಬ್ಬಿಣದ ಸಿಗಡಿ, ಡ್ರಮ್ ಕೊಯ್ದು ಮಾಡಿದ ಬಾರ್ಬಿಕ್ಯೂ, ಅಲ್‌ಫಹಾಮ್ ಸುಡುವ ಜಾಲರಿ, ಮಾಂಸಕ್ಕೆ ಹೊಗೆ ಕೊಡುವ ಪೆಟ್ಟಿಗೆ ಹೀಗೆ ಹೆಸರು ಬೇರೆ ಬೇರೆ. ಎಲ್ಲಕ್ಕೂ ಉರಿ ಒಂದೇ, ಇದ್ದಿಲು.

ಬಯಲಿನಲ್ಲಿ ಇದ್ದಾಗ ಗಾಳಿ ತನ್ನ ಕೆಲಸ ತಾನೇ ಮಾಡುತ್ತಿತ್ತು. ಒಳಗೆ ಬಂದ ಮೇಲೆ ಆ ಕೆಲಸ ಅಂಗಡಿಯವರ ಹೆಗಲಿಗೆ ಬಿದ್ದಿದೆ. ಬಹಳ ಮಂದಿ ಗೋಡೆಗೆ ಒಂದು ಎಕ್ಸಾಸ್ಟ್ ಫ್ಯಾನ್ ಹೊಡೆಸಿ ಮುಗೀತು ಅಂದುಕೊಳ್ಳುತ್ತಾರೆ. ಮುಗಿಯುವುದಿಲ್ಲ. ಯಾಕೆ ಅನ್ನುವುದನ್ನೂ, ಏನು ಮಾಡಿಸಬೇಕು ಅನ್ನುವುದನ್ನೂ ಇಲ್ಲಿ ಕೊಟ್ಟಿದ್ದೇವೆ. ವೆಲ್ಡಿಂಗ್ ಅಂಗಡಿಗೆ ಹೋಗುವ ಮುಂಚೆ ಒಮ್ಮೆ ಓದಿಕೊಳ್ಳಿ.

ಹೊಗೀನೇ ಇಲ್ಲಲ್ರಿ, ಏನಾಗ್ತದ?

ಈ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಇದ್ದಿಲು ಚೆನ್ನಾಗಿ ಹತ್ತಿಕೊಂಡ ಮೇಲೆ ಹೊಗೆ ಬರುವುದಿಲ್ಲ, ನಿಜ. ನಮ್ಮ ಭಾಗದಲ್ಲಿ ಬಳ್ಳಾರಿ ಜಾಲಿ ಕಟ್ಟಿಗೆಯ ಇದ್ದಿಲು ಸಿಗುತ್ತದೆ. ಗಟ್ಟಿ, ಬಹಳ ಹೊತ್ತು ಕೆಂಡ ಹಿಡಿಯುತ್ತದೆ, ಕಣ್ಣುರಿ ಇಲ್ಲ. ಹತ್ತಿ ಕಟಗಿ, ತೊಗರಿ ಕಟಗಿ ಉರಿಸಿದರೆ ಕಣ್ಣಲ್ಲಿ ನೀರು ಬಂದು ಮನುಷ್ಯ ತಾನಾಗಿಯೇ ಹೊರಗೆ ಓಡುತ್ತಾನೆ. ಇದ್ದಿಲು ಹಾಗೆ ಓಡಿಸುವುದಿಲ್ಲ, ಕೂತಲ್ಲೇ ಕೂರಿಸುತ್ತದೆ.

ಕೆಂಡದಿಂದ ಬರುವುದು ಕಾರ್ಬನ್ ಮೋನಾಕ್ಸೈಡ್ ಅನ್ನುವ ಅನಿಲ. ಬಣ್ಣವಿಲ್ಲ, ವಾಸನೆಯಿಲ್ಲ, ಗಂಟಲು ಕೆರೆಯುವುದಿಲ್ಲ. ನಾವು ಉಸಿರು ಎಳೆದಾಗ ಆಮ್ಲಜನಕವನ್ನು ಹೊತ್ತು ಮೈಯೆಲ್ಲ ತಿರುಗುವುದು ರಕ್ತದ ಹಿಮೋಗ್ಲೋಬಿನ್. ಈ ಅನಿಲ ಅದೇ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಬಸ್ಸಿನ ಸೀಟೆಲ್ಲ ಬೇರೆಯವರು ಹಿಡಿದು ಕೂತಂತೆ. ಉಸಿರಾಟ ನಡೆಯುತ್ತಲೇ ಇರುತ್ತದೆ, ಮಿದುಳಿಗೆ, ಹೃದಯಕ್ಕೆ ಮುಟ್ಟಬೇಕಾದ್ದು ಮುಟ್ಟುವುದಿಲ್ಲ. ಮೊದಲು ತಲೆನೋವು, ಆಮೇಲೆ ತಲೆಸುತ್ತು, ವಾಕರಿಕೆ, ಕಾಲಲ್ಲಿ ಶಕ್ತಿ ಇಲ್ಲದಂತಾಗುವುದು, ನಿದ್ದೆ. ಎಚ್ಚರ ಇದ್ದವನಿಗೆ "ಯಾಕೋ ಇವತ್ತು ತಲೆ ಭಾರ" ಅನಿಸುತ್ತದೆ. ಮಲಗಿದವನಿಗೆ ಏನೂ ಗೊತ್ತಾಗುವುದಿಲ್ಲ.

ಹೊಗೆ ಅಂದ ಕೂಡಲೇ ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಮಾತು ಬರುತ್ತದೆ. ಅಲ್ಲಿನ ಕಪ್ಪು ಹೊಗೆ ಕಣ್ಣಿಗೆ ಕಾಣುತ್ತದೆ, ಹಾಗಾಗಿ ದೂರು ಹೋಗುತ್ತದೆ, ಸುದ್ದಿಯಾಗುತ್ತದೆ. ಕಾಣದ್ದರ ಮೇಲೆ ಯಾರೂ ದೂರು ಕೊಡುವುದಿಲ್ಲ.

ನಡೆದಿರುವುದು ದೂರದಲ್ಲೇನಲ್ಲ

2025ರ ನವೆಂಬರ್‌ನಲ್ಲಿ ಬೆಳಗಾವಿಯ ಅಮನ್ ನಗರದಲ್ಲಿ ಚಳಿಗೆಂದು ಕೋಣೆಯೊಳಗೆ ಇದ್ದಿಲು ಹಚ್ಚಿ ಬಾಗಿಲು ಹಾಕಿಕೊಂಡು ಮಲಗಿದ ಯುವಕರಲ್ಲಿ ಮೂವರು ಎದ್ದೇಳಲಿಲ್ಲ. 2017ರ ಡಿಸೆಂಬರ್‌ನಲ್ಲಿ ದೆಹಲಿ ಕಂಟೋನ್ಮೆಂಟ್‌ನಲ್ಲಿ ಮದುವೆ ಅಡುಗೆಗೆ ಬಂದಿದ್ದ ಕೇಟರಿಂಗ್ ಕೆಲಸಗಾರರು ಸಾಮಾನು ಸಾಗಿಸುವ ಕಂಟೇನರ್ ಒಳಗೆ ಉರಿಯುವ ತಂದೂರ್ ಇಟ್ಟುಕೊಂಡು ಮಲಗಿದರು. ಆರು ಜನ ಸತ್ತರು. ಅವರೆಲ್ಲ ದಿನಾ ತಂದೂರ್ ಜೊತೆಗೇ ಬದುಕುವ ಮಂದಿ, ಬೆಂಕಿ ಗೊತ್ತಿಲ್ಲದವರಲ್ಲ. ಇದ್ದಿಲು ಮಾತ್ರ ಅಂತಲೂ ಅಲ್ಲ. 2020ರ ಜನವರಿಯಲ್ಲಿ ನೇಪಾಳದ ದಾಮನ್ ಎಂಬಲ್ಲಿ ಕೇರಳದ ಎಂಟು ಪ್ರವಾಸಿಗರು ಲಾಡ್ಜಿನ ಕೋಣೆಯಲ್ಲಿ ಗ್ಯಾಸ್ ಹೀಟರ್ ಹಚ್ಚಿ ಮಲಗಿ ಪ್ರಾಣ ಕಳೆದುಕೊಂಡರು.

ದೆಹಲಿಯ ಆ ಕಂಟೇನರಿಗೂ ನಮ್ಮ ಶಟರ್ ಮಳಿಗೆಗೂ ಏನು ವ್ಯತ್ಯಾಸ ಅಂತ ಯೋಚಿಸಿ ನೋಡ್ರಿ. ಮೂರು ಕಡೆ ಗೋಡೆ, ಮೇಲೆ ಆರ್‌ಸಿಸಿ, ಮುಂದೆ ಕಬ್ಬಿಣದ ಶಟರ್. ಹಿಂದೆ ಕಿಟಕಿ ಇದ್ದರೂ ಅದಕ್ಕೆ ಪಕ್ಕದ ಮಳಿಗೆಯ ಗೋಡೆ ಅಡ್ಡ. ನಮ್ಮ ಹಳೆ ಮಣ್ಣಿನ ಮನೆಗಳ ಮಾಳಿಗೆಯಲ್ಲಿ ಬೆಳಕಿಂಡಿ ಬಿಡುತ್ತಿದ್ದರು. ಬೆಳಕಿನ ಜೊತೆಗೆ ಒಲೆಯ ಹೊಗೆಯೂ ಅದರಲ್ಲೇ ಏರಿ ಹೋಗುತ್ತಿತ್ತು. ಸ್ಲ್ಯಾಬ್ ಹಾಕುವ ಕಾಲಕ್ಕೆ ಅದು ಮರೆತೇ ಹೋಯ್ತು.

ರಾತ್ರಿ ಶಟರ್ ಎಳೆದ ಮೇಲೆ

ಈ ಲೇಖನದಲ್ಲಿ ಒಂದೇ ಒಂದು ಭಾಗ ಓದುವಷ್ಟು ಪುರಸೊತ್ತು ಇದ್ದರೆ ಇದನ್ನು ಓದಿ.

ನಮ್ಮ ಊರುಗಳಲ್ಲಿ ಅಂಗಡಿ ಹುಡುಗರು ರಾತ್ರಿ ಅಂಗಡಿಯಲ್ಲೇ ಮಲಗುವುದು ಸಾಮಾನ್ಯ. ಹತ್ತು ಹನ್ನೊಂದಕ್ಕೆ ಕೆಲಸ ಮುಗಿದಾಗ ಹಳ್ಳಿಗೆ ಬಸ್ ಇರುವುದಿಲ್ಲ, ಬೇರೆ ರೂಮಿಗೆ ಬಾಡಿಗೆ ಕೊಡುವಷ್ಟು ಪಗಾರ ಇರುವುದಿಲ್ಲ. ಮಾಲೀಕರಿಗೂ ಅಂಗಡಿ ಕಾಯಲು ಒಬ್ಬರು ಇದ್ದಂತಾಗುತ್ತದೆ. ಅದೇ ಹೊತ್ತಿಗೆ ತಂದೂರ್ ಒಳಗೆ ಉಳಿದ ಕೆಂಡವನ್ನು ನಾಳೆಗೆ ಆಗಲಿ ಎಂದು ಮೇಲಿನ ಬಾಯಿಗೆ ಮುಚ್ಚಳ ಹಾಕಿ, ಕೆಳಗಿನ ಗಾಳಿ ಕಿಂಡಿಗೆ ಇಟ್ಟಿಗೆ ಚೂರು ಇಟ್ಟು ಬಿಡುತ್ತಾರೆ. ಬೆಳಿಗ್ಗೆ ಕೆದಕಿದರೆ ಕೆಂಡ ಸಿಗುತ್ತದೆ, ಇದ್ದಿಲು ಉಳಿಯುತ್ತದೆ.

ತಪ್ಪು ಆಗುವುದು ಇಲ್ಲಿಯೇ. ಗಾಳಿ ಸಾಕಷ್ಟು ಸಿಕ್ಕ ಕೆಂಡಕ್ಕಿಂತ ಗಾಳಿ ಕಟ್ಟಿದ ಕೆಂಡ ಈ ವಿಷಾನಿಲವನ್ನು ಹೆಚ್ಚು ಬಿಡುತ್ತದೆ. ಅರೆಬರೆ ಉರಿಯುವುದು ಅಂದರೆ ಅದೇ. ಮುಚ್ಚಳ ಹಾಕಿದ್ದೇವೆ, ಬೆಂಕಿ ಆರಿದೆ ಅನ್ನುವ ನೆಮ್ಮದಿಯಲ್ಲಿ ಎಕ್ಸಾಸ್ಟ್ ಫ್ಯಾನ್ ಬಂದ್ ಮಾಡಿ, ಕಳ್ಳರ ಭಯಕ್ಕೆ ಶಟರ್ ಪೂರ್ತಿ ಎಳೆದು, ಸೊಳ್ಳೆ ಬರುತ್ತವೆ ಅಂತ ಸಂದಿಗೆ ಚೀಲ ತುರುಕಿ ಮಲಗುತ್ತಾರೆ.

ಲೆಕ್ಕ ಹಾಕಿ ನೋಡೋಣ. 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ಮಳಿಗೆ ಅಂದರೆ 1200 ಘನ ಅಡಿ, ಸುಮಾರು 34 ಘನ ಮೀಟರ್ ಗಾಳಿ. ಒಂದು ಕಿಲೋ ಇದ್ದಿಲು ಉರಿದರೆ ಸುಮಾರು 150ರಿಂದ 250 ಗ್ರಾಂ ಕಾರ್ಬನ್ ಮೋನಾಕ್ಸೈಡ್ ಬರುತ್ತದೆ. ತಂದೂರಿನಲ್ಲಿ ಅರ್ಧ ಕಿಲೋ ಮಾತ್ರ ಉಳಿದಿದೆ ಅಂದುಕೊಂಡರೂ ಸುಮಾರು 100 ಗ್ರಾಂ. ಗಾಳಿ ಆಡದ ಆ ಮಳಿಗೆಯಲ್ಲಿ ಅದು ತುಂಬಿದರೆ 2000 ಪಿಪಿಎಂ ದಾಟುತ್ತದೆ. ಪಿಪಿಎಂ ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಎಷ್ಟು ಪಾಲು ಅನ್ನುವ ಅಳತೆ. 200 ಪಿಪಿಎಂನಲ್ಲಿ ಎರಡು ಮೂರು ತಾಸು ಇದ್ದರೆ ತಲೆನೋವು, ಸುಸ್ತು. 800ರಲ್ಲಿ ಮುಕ್ಕಾಲು ತಾಸಿಗೆ ವಾಕರಿಕೆ, ಎರಡು ಮೂರು ತಾಸಿಗೆ ಜೀವಕ್ಕೆ ಅಪಾಯ. 1600ರಲ್ಲಿ ಒಂದು ತಾಸು ಸಾಕು. ಶಟರ್ ಸಂದಿಯಿಂದ ಅರ್ಧಕ್ಕರ್ಧ ಸೋರಿ ಹೋಯಿತು ಅಂದುಕೊಂಡರೂ ಉಳಿಯುವ ಲೆಕ್ಕ ಒಳಗೆ ಮಲಗಿದವರ ಪರವಾಗಿ ಇಲ್ಲ.

ಆದ್ದರಿಂದ ಕೆಂಡ ಇರುವ ಅಂಗಡಿಯಲ್ಲಿ ಯಾರೂ ಮಲಗಬಾರದು. ಎಕ್ಸಾಸ್ಟ್ ಇದ್ದರೂ, ಶಟರ್ ಅರ್ಧ ತೆಗೆದಿದ್ದರೂ ಮಲಗಬಾರದು. ಹುಡುಗರು ಅಲ್ಲೇ ಮಲಗಲೇಬೇಕಾದ ಪರಿಸ್ಥಿತಿ ಇದ್ದರೆ ಕೆಂಡ ಹೊರಗೆ ಹೋಗಬೇಕು. ಕಬ್ಬಿಣದ ಸಿಗಡಿ ಆದರೆ ಎತ್ತಿ ಹೊರಗೆ ಬಯಲಿನಲ್ಲಿ ಇಡಬಹುದು. ಮಣ್ಣಿನ ತಂದೂರ್ ಎತ್ತಲು ಆಗಂಗಿಲ್ಲ, ಕಾದ ಮಣ್ಣಿಗೆ ನೀರು ಹಾಕಿದರೆ ಸೀಳು ಬಿಡುತ್ತದೆ. ಉದ್ದ ಹಿಡಿಯ ಇಕ್ಕಳ, ಸಲಿಕೆಯಿಂದ ಕೆಂಡ ತೆಗೆದು ಮುಚ್ಚಳ ಇರುವ ತಗಡಿನ ಡಬ್ಬಿಗೆ ಹಾಕಿ, ಡಬ್ಬಿಯನ್ನು ಅಂಗಡಿಯ ಹೊರಗೆ, ಮರ, ರಟ್ಟು, ಚೀಲ ಇಲ್ಲದ ಕಡೆ ಇಡಬೇಕು. ಡಬ್ಬಿಯೊಳಗೆ ಗಾಳಿ ಸಿಗದೆ ಕೆಂಡ ಆರುತ್ತದೆ, ಉಳಿದ ಇದ್ದಿಲು ನಾಳೆಗೆ ಬರುತ್ತದೆ. ಇದ್ದಿಲು ಉಳಿಸುವ ಲೆಕ್ಕವೂ ಇದರಲ್ಲೇ ಸರಿಹೋಗುತ್ತದೆ. ಬೂದಿ ಮೇಲೆ ತಣ್ಣಗೆ ಕಂಡರೂ ಒಳಗೆ ಮರುದಿನದ ತನಕ ಕೆಂಡ ಜೀವ ಹಿಡಿದಿರಬಹುದು. ಅದನ್ನು ಪ್ಲಾಸ್ಟಿಕ್ ಬುಟ್ಟಿಗೆ, ಪುರಸಭೆಯ ಕಸದ ಗಾಡಿಗೆ ಹಾಕಬೇಡಿ.

ಮಾಲೀಕರು ಇನ್ನೊಂದು ಮಾತು ನೆನಪಿಡಬೇಕು. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಅಡಿ ಐದು ವರ್ಷದ ತನಕ ಜೈಲು ಆಗಬಹುದು. "ಅವನೇ ಮಲಗಿದ್ದ ಸರ್" ಅನ್ನುವ ಉತ್ತರ ಎಷ್ಟರ ಮಟ್ಟಿಗೆ ನಡೆಯುತ್ತದೆ ಅನ್ನುವುದನ್ನು ನಿಮ್ಮ ವಕೀಲರನ್ನೇ ಕೇಳಿ.

ಫ್ಯಾನ್ ಒಂದೇ ಯಾಕೆ ಸಾಲುವುದಿಲ್ಲ

ಈಗ ವ್ಯಾಪಾರದ ಹೊತ್ತಿನ ಮಾತು. ಗೋಡೆಯ ಮೇಲ್ಭಾಗದಲ್ಲಿ ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಅದು ಎಳೆಯುವುದು ಇಡೀ ಕೋಣೆಯ ಗಾಳಿಯನ್ನು. ಭಟ್ಟಿಯ ಅನಿಲ ಮೊದಲು ಕೋಣೆಯಲ್ಲೆಲ್ಲ ಬೆರೆತು ಆಮೇಲೆ ನಿಧಾನಕ್ಕೆ ಹೊರಗೆ ಹೋಗುತ್ತದೆ. ನಡುವೆ ನಿಂತವರು ಉಸ್ತಾದ್ ಮತ್ತು ಗಿರಾಕಿ. ಭಟ್ಟಿಯ ನೆತ್ತಿಯ ಮೇಲೆಯೇ ತಗಡಿನ ಹುಡ್ ಇಟ್ಟರೆ ಬಿಸಿ ಗಾಳಿ ಏರುವ ದಾರಿಯಲ್ಲೇ ಸಿಕ್ಕಿಬೀಳುತ್ತದೆ, ಕೋಣೆಗೆ ಬೆರೆಯುವುದಿಲ್ಲ. ಅದೇ ಫ್ಯಾನ್, ಅದೇ ಕರೆಂಟ್ ಬಿಲ್, ಆದರೆ ಕೆಲಸ ಹಲವು ಪಟ್ಟು.

ಹುಡ್ ಭಟ್ಟಿಗಿಂತ ಎಲ್ಲ ಕಡೆ ಕನಿಷ್ಠ ಅರ್ಧ ಅಡಿ ಹೊರಗೆ ಚಾಚಿರಬೇಕು. ಎರಡಡಿ ಅಗಲದ ತಂದೂರಿಗೆ 3 ಅಡಿ ಚೌಕದ ಹುಡ್. ನೆಲದಿಂದ ಆರೂವರೆ, ಏಳಡಿ ಎತ್ತರದಲ್ಲಿ ಇರಲಿ. ಅದಕ್ಕಿಂತ ಮೇಲೆ ಹೋದಷ್ಟೂ ಬದಿಯಿಂದ ಸೋರುತ್ತದೆ. ಹಿಂದೆ ಗೋಡೆ ಇದ್ದರೆ ಒಳ್ಳೆಯದು, ಎರಡು ಪಕ್ಕಕ್ಕೂ ತಗಡು ಇಳಿಬಿಟ್ಟರೆ ಇನ್ನೂ ಒಳ್ಳೆಯದು.

ಫ್ಯಾನ್ ಎಷ್ಟು ದೊಡ್ಡದು ಬೇಕು? 3 ಅಡಿ ಚೌಕದ ಹುಡ್ ಅಂದರೆ ಬಾಯಿ 9 ಚದರ ಅಡಿ. ಗಾಳಿ ನಿಮಿಷಕ್ಕೆ 100 ಅಡಿ ವೇಗದಲ್ಲಿ ಒಳಗೆ ಹೋದರೆ ಸಾಧಾರಣವಾಗಿ ಹಿಡಿತ ಸಿಗುತ್ತದೆ. ಎರಡನ್ನೂ ಗುಣಿಸಿದರೆ ನಿಮಿಷಕ್ಕೆ 900 ಘನ ಅಡಿ. ಅಂಗಡಿಯವರು ಇದನ್ನು 900 ಸಿಎಫ್‌ಎಂ ಅನ್ನುತ್ತಾರೆ. ಫ್ಯಾನಿನ ಡಬ್ಬದ ಮೇಲೆ ಎಷ್ಟೋ ಸಲ ಗಂಟೆಗೆ ಇಷ್ಟು ಘನ ಮೀಟರ್ ಅಂತ ಬರೆದಿರುತ್ತಾರೆ; ಆ ಅಂಕಿಯನ್ನು 1.7ರಿಂದ ಭಾಗಿಸಿದರೆ ಸಿಎಫ್‌ಎಂ ಬರುತ್ತದೆ. ಅಂದರೆ 900 ಸಿಎಫ್‌ಎಂ ಬೇಕಿದ್ದರೆ ಡಬ್ಬದ ಮೇಲೆ 1530 ಇರಬೇಕು. ಅದೂ ಪೈಪ್ ಇಲ್ಲದೆ ಬಯಲಿನಲ್ಲಿ ತಿರುಗಿದಾಗಿನ ಲೆಕ್ಕ. ಪೈಪು, ಬೆಂಡು, ಜಾಲರಿ ಸೇರಿದರೆ ಫ್ಯಾನಿನ ಉಸಿರು ಕಟ್ಟುತ್ತದೆ. ಆದ್ದರಿಂದ ಒಂದು ಸೈಜ್ ದೊಡ್ಡದನ್ನೇ ಕೊಳ್ಳಿ.

ಮನೆ ಅಡುಗೆಮನೆಗೆ ಹಾಕುವ ಪ್ಲಾಸ್ಟಿಕ್ ರೆಕ್ಕೆಯ ಫ್ಯಾನ್ ಇಲ್ಲಿ ಬೇಡ. ಬಿಸಿಗೆ ಸೊಟ್ಟಾಗುತ್ತದೆ, ಜಿಡ್ಡು ಹಿಡಿದು ನಿಲ್ಲುತ್ತದೆ. ಮೋಟಾರು ಬಿಸಿ ಗಾಳಿಯ ದಾರಿಯಿಂದ ಹೊರಗೆ ಇರುವ ಬ್ಲೋವರ್ ಸರಿಯಾದದ್ದು. ರೇಟು ಜಾಸ್ತಿ, ಆದರೆ ಪದೇ ಪದೇ ವೈಂಡಿಂಗ್ ಸುಡಿಸಿಕೊಳ್ಳುವ ತಾಪತ್ರಯ ಇಲ್ಲ.

ಪೈಪು ಜಿಐ ಶೀಟಿನದು, 12 ಇಂಚು ಸುತ್ತಳತೆ ಅಲ್ಲ, 12 ಇಂಚು ಅಡ್ಡಗಲ. ವೆಲ್ಡಿಂಗ್ ಅಂಗಡಿಯಲ್ಲಿ ಈ ಎರಡನ್ನೂ ಬಿಡಿಸಿ ಹೇಳಿ. ಎಷ್ಟು ನೆಟ್ಟಗೆ ಮೇಲೆ ಹೋದರೆ ಅಷ್ಟು ಒಳ್ಳೆಯದು. ಗೋಡೆ ತೂತು ಮಾಡಿ ಪಕ್ಕದ ಸಂದಿಗೆ ಬಿಡುವುದು, ಮೆಟ್ಟಿಲ ಕೆಳಗೆ ಬಿಡುವುದು, ಮೇಲಿನ ಮನೆಯವರ ಕಿಟಕಿ ಕೆಳಗೆ ಬಿಡುವುದು ಮೂರೂ ಕೂಡದು. ಮೆಟ್ಟಿಲ ಜಾಗವೇ ಒಂದು ಚಿಮಣಿ ಆಗಿ ಅನಿಲ ಮೇಲಿನ ಮನೆಗೆ ಏರುತ್ತದೆ. ಪೈಪಿನ ತುದಿ ಮಾಳಿಗೆಯಿಂದ ಕನಿಷ್ಠ 3 ಅಡಿ ಮೇಲಿರಬೇಕು; 10 ಅಡಿ ಸುತ್ತಳತೆಯೊಳಗೆ ಪಕ್ಕದ ಗೋಡೆಯೋ ನೀರಿನ ಟ್ಯಾಂಕೋ ಇದ್ದರೆ ಅದಕ್ಕಿಂತಲೂ 2 ಅಡಿ ಎತ್ತರ ಇರಬೇಕು. ಇಲ್ಲದಿದ್ದರೆ ಗಾಳಿ ಬೀಸಿದಾಗ ಹೊಗೆ ವಾಪಸ್ ಬರುತ್ತದೆ.

ರಾಯಚೂರಿನವರಿಗೆ ಇನ್ನೊಂದು ಕಾಳಜಿ ಇದೆ. ಹತ್ತಿ ಸೀಸನ್ ಬಂದಾಗ ಮಾರ್ಕೆಟ್ ಸುತ್ತ, ಜಿನ್ನಿಂಗ್ ಮಿಲ್‌ಗಳ ರಸ್ತೆಯಲ್ಲಿ ಹತ್ತಿ ತುಂಬಿದ ಗಾಡಿಗಳು ನಿಂತಿರುತ್ತವೆ. ಆ ಕಡೆ ಭಟ್ಟಿ ಇರುವವರು ಪೈಪಿನ ತುದಿಗೆ ಕಿಡಿ ತಡೆಯುವ ಕಬ್ಬಿಣದ ಜಾಲರಿ ಹಾಕಿಸಿ, ಜಾಲರಿಗೆ ಮಸಿ ಕಟ್ಟದಂತೆ ಆಗಾಗ ಕೊಡವುತ್ತಿರಬೇಕು.

ಹೋಗುವ ಗಾಳಿಗೆ ಬರುವ ದಾರಿ

ಎಲ್ಲ ಸರಿ ಮಾಡಿಸಿದವರೂ ಬಿಡುವ ಒಂದು ಸಂಗತಿ ಇದು. ನಿಮಿಷಕ್ಕೆ 900 ಘನ ಅಡಿ ಗಾಳಿ ಹೊರಗೆ ಹೋಗಬೇಕಾದರೆ ಅಷ್ಟೇ ಗಾಳಿ ಒಳಗೆ ಬರಬೇಕು. ಮುಚ್ಚಿದ ಬಾಟಲಿಯಿಂದ ಸ್ಟ್ರಾದಲ್ಲಿ ಎಳೆದರೆ ಎಷ್ಟು ಬರುತ್ತದೆ? ಗಾಜಿನ ಬಾಗಿಲು ಹಾಕಿ ಎಸಿ ಫ್ಯಾಮಿಲಿ ರೂಮು ಮಾಡಿದ ಹೋಟೆಲುಗಳಲ್ಲಿ ಫ್ಯಾನ್ ಸದ್ದು ಜೋರಾಗಿರುತ್ತದೆ, ಗಾಳಿ ಹೋಗುತ್ತಿರುವುದಿಲ್ಲ. ಇನ್ನೂ ಕೆಟ್ಟದ್ದು, ಅದೇ ಕಟ್ಟಡದಲ್ಲಿ ಗ್ಯಾಸ್ ಗೀಸರ್ ಅಥವಾ ಇನ್ನೊಂದು ಭಟ್ಟಿಯ ಚಿಮಣಿ ಇದ್ದರೆ ಫ್ಯಾನ್ ಆ ಚಿಮಣಿಯ ಹೊಗೆಯನ್ನೇ ತಿರುಗಿಸಿ ಒಳಗೆ ಎಳೆದುಕೊಳ್ಳುತ್ತದೆ.

ಮೇಲಿನ ಲೆಕ್ಕದ ಅಂಗಡಿಗೆ ಸುಮಾರು 3 ಚದರ ಅಡಿ ತೆರೆದ ಜಾಗ ಬೇಕು, ಅಂದರೆ 3 ಅಡಿ ಉದ್ದ 1 ಅಡಿ ಎತ್ತರದ ಜಾಲರಿ ಕಿಂಡಿ. ಭಟ್ಟಿಯ ಎದುರು ದಿಕ್ಕಿಗೆ, ನೆಲಕ್ಕೆ ಹತ್ತಿರ ಇದ್ದರೆ ಹೊರಗಿನ ಗಾಳಿ ಗಿರಾಕಿಗಳನ್ನು ದಾಟಿ, ಉಸ್ತಾದನನ್ನು ದಾಟಿ ಭಟ್ಟಿಯ ಕಡೆ ಹೋಗುತ್ತದೆ. ಇಲಿ ಬರದಂತೆ ಜಾಲರಿ ಹಾಕಿಸಿದಾಗ ತಂತಿಯೇ ಅರ್ಧ ಜಾಗ ತಿನ್ನುತ್ತದೆ, ಆದ್ದರಿಂದ ಕಿಂಡಿ ಸ್ವಲ್ಪ ದೊಡ್ಡದೇ ಇರಲಿ.

ನಮ್ಮ ಬೇಸಿಗೆ ಗೊತ್ತೇ ಇದೆಯಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಭಟ್ಟಿ ಪಕ್ಕ ನಿಲ್ಲುವವನಿಗೆ ಕೂಲರ್ ಇಲ್ಲದೆ ಆಗುವುದಿಲ್ಲ. ಕೂಲರನ್ನು ಬಾಗಿಲ ಬಳಿ, ಹೊರಗಿನ ಗಾಳಿ ಎಳೆಯುವಂತೆ ಇಟ್ಟರೆ ಅದೇ ಒಳಗೆ ಬರುವ ಗಾಳಿಯ ದಾರಿ ಆಗುತ್ತದೆ, ಲಾಭವೇ. ಆದರೆ ಅದರ ಬೀಸು ನೇರ ಭಟ್ಟಿಗೆ, ಹುಡ್ಡಿನ ಅಂಚಿಗೆ ಬಿದ್ದರೆ ಏರುತ್ತಿರುವ ಬಿಸಿ ಗಾಳಿಯನ್ನು ಚದುರಿಸಿ ಗಿರಾಕಿಗಳ ಕಡೆ ದೂಡುತ್ತದೆ. ಬೀಸು ಮನುಷ್ಯನ ಬೆನ್ನಿಗೆ ಬೀಳಲಿ, ಬೆಂಕಿಗೆ ಬೇಡ.

ಸರಿ ಕೆಲಸ ಮಾಡುತ್ತಿದೆಯೋ ಇಲ್ಲವೋ ನೋಡಲು ಎಂಜಿನಿಯರ್ ಬೇಡ, ಊದಿನಕಡ್ಡಿ ಸಾಕು. ಭಟ್ಟಿ ಜೋರು ಇರುವಾಗ, ಫ್ಯಾನ್, ಕೂಲರ್ ಎರಡೂ ಹಾಕಿ, ಹುಡ್ಡಿನ ನಾಲ್ಕೂ ಅಂಚಿಗೆ ಹಚ್ಚಿದ ಊದಿನಕಡ್ಡಿ ಹಿಡಿಯಿರಿ. ಹೊಗೆ ಒಳಗೆ ಎಳೆದುಕೊಂಡರೆ ಸರಿ. ಹೊರಗೆ ಬಾಗಿದರೆ ಆ ಅಂಚಿನಲ್ಲಿ ಸೋರುತ್ತಿದೆ. ಆಮೇಲೆ ಕಿಂಡಿಯ ಬಳಿ ಹಿಡಿಯಿರಿ. ಹೊಗೆ ಒಳಮುಖವಾಗಿ ಬರಬೇಕು. ಮಳೆ ಬಂದಾಗ ಶಟರ್ ಅರ್ಧ ಇಳಿಸುವ ಅಭ್ಯಾಸ ಇದ್ದರೆ ಅರ್ಧ ಇಳಿಸಿಯೂ ಒಮ್ಮೆ ನೋಡಿ.

ಕರೆಂಟ್ ಹೋದಾಗ

ಕರೆಂಟ್ ಹೋದರೆ ಫ್ಯಾನ್ ನಿಲ್ಲುತ್ತದೆ, ಬೆಂಕಿ ನಿಲ್ಲುವುದಿಲ್ಲ. ಇದನ್ನು ಬಿಟ್ಟು ಮಾಡಿದ ಯಾವ ವ್ಯವಸ್ಥೆಯೂ ನಮ್ಮ ತಾಲ್ಲೂಕುಗಳಿಗೆ ಹೊಂದುವುದಿಲ್ಲ. ನೆಟ್ಟಗೆ ಎತ್ತರಕ್ಕೆ ಹೋಗುವ ಪೈಪಿಗೆ ಒಂದು ಗುಣ ಇದೆ. ಫ್ಯಾನ್ ನಿಂತರೂ ಬಿಸಿ ಗಾಳಿ ತಾನಾಗಿ ಸ್ವಲ್ಪ ಮಟ್ಟಿಗೆ ಏರುತ್ತಿರುತ್ತದೆ. ಗೋಡೆಗೆ ಅಡ್ಡ ಹೊಡೆದ ಫ್ಯಾನಿಗೆ ಆ ಗುಣ ಇಲ್ಲ. ಇನ್ವರ್ಟರ್ ಇರುವವರು ಲೈಟಿನ ಜೊತೆ ಬ್ಲೋವರನ್ನೂ ಅದಕ್ಕೆ ಜೋಡಿಸಿ, ಎಷ್ಟು ಹೊತ್ತು ಎಳೆಯುತ್ತದೆ ಅಂತ ಎಲೆಕ್ಟ್ರಿಷಿಯನ್ ಹತ್ತಿರ ಕೇಳಿ ಇಟ್ಟುಕೊಳ್ಳಿ. ಇಲ್ಲದವರು ಶಟರ್ ಪೂರ್ತಿ ಎತ್ತಬೇಕು, ಹೊಸ ಇದ್ದಿಲು ಹಾಕಬಾರದು, ಒಳಗೆ ಕೂತ ಗಿರಾಕಿಗಳನ್ನು ಹೊರಗಿನ ಟೇಬಲಿಗೆ ಕಳಿಸಬೇಕು. ಮತ್ತೆ ಜನರೇಟರ್ ಒಳಗೆ ಎಳೆದುಕೊಂಡು ಚಾಲೂ ಮಾಡಬೇಡಿ. ಅದರ ಹೊಗೆಯಲ್ಲಿ ಇರುವುದೂ ಇದೇ ಅನಿಲ.

ಮನೆ ಗ್ಯಾರೇಜು, ಮದುವೆ ಅಡುಗೆ

ಮಳೆಗಾಲದಲ್ಲಿ ಮನೆ ಕಾರ್ಯಕ್ರಮ ಇದ್ದರೆ ಬಿರಿಯಾನಿ ಹಂಡೆ ಪಾರ್ಕಿಂಗ್ ಒಳಗೆ ಬರುತ್ತದೆ. ಕಟ್ಟಿಗೆ ಒಲೆ ಕೆಳಗೆ, ದಮ್ ಕಟ್ಟಲು ಮುಚ್ಚಳದ ಮೇಲೆ ಕೆಂಡ. ಬಾವರ್ಚಿಗಳು ಹೊಗೆ ಇರುವ ತನಕ ಶಟರ್ ತೆಗೆದಿಟ್ಟು, ದಮ್ ಹಾಕಿದ ಮೇಲೆ ಮಳೆ ಇರಚಲು ಬರುತ್ತದೆ ಅಂತ ಇಳಿಸುತ್ತಾರೆ. ಉಲ್ಟಾ ಆಯ್ತು. ಹೊಗೆ ನಿಂತು ಕೆಂಡ ಮಾತ್ರ ಉಳಿದ ಆ ಒಂದು ತಾಸಿನಲ್ಲೇ ಶಟರ್ ತೆಗೆದಿರಬೇಕು. ಶಾಮಿಯಾನದ ಪಕ್ಕದ ಪರದೆಗೂ ಇದೇ ಮಾತು: ಕನಿಷ್ಠ ಎರಡು ಎದುರುಬದುರು ಪಕ್ಕ ಬಿಚ್ಚಿರಲಿ.

ಮನೆಯೊಳಗೆ ಹೋಗುವ ಬಾಗಿಲು ಗ್ಯಾರೇಜಿಗೇ ತೆರೆದುಕೊಂಡಿದ್ದರೆ ಅದನ್ನು ಮುಚ್ಚಿಡಿ. ಈ ಅನಿಲ ಗಾಳಿಗಿಂತ ತುಸುವೇ ಹಗುರ, ನೆಲಕ್ಕೂ ಇಳಿಯುವುದಿಲ್ಲ, ಸೂರಿಗೂ ಅಂಟುವುದಿಲ್ಲ, ಬೆರೆತು ಎಲ್ಲ ಕಡೆ ಹೋಗುತ್ತದೆ. ಒಳಗಿನ ಕೋಣೆಯಲ್ಲಿ ಬಾಣಂತಿ, ಬಸುರಿ, ವಯಸ್ಸಾದವರು ಇದ್ದರೆ ಅಲ್ಲಿ ಅಡುಗೆಯೇ ಬೇಡ. ಹೊಟ್ಟೆಯಲ್ಲಿನ ಕೂಸಿಗೆ ತಾಯಿಗಿಂತ ಹೆಚ್ಚು ಪೆಟ್ಟು ಬೀಳುತ್ತದೆ.

ಮನೆಯಲ್ಲಿ ಹವ್ಯಾಸಕ್ಕೆ ಸಣ್ಣ ಬಾರ್ಬಿಕ್ಯೂ, ಸ್ಮೋಕರ್ ತರಿಸಿಕೊಂಡವರಿಗೆ ಹೇಳುವುದು ಚಿಕ್ಕದು. ಮಾಳಿಗೆಗೆ ಒಯ್ಯಿರಿ. ಗ್ಯಾರೇಜಿನಲ್ಲಿ ಇಟ್ಟು ಅದಕ್ಕೆ ಪೈಪ್ ಜೋಡಿಸುವ ಸಾಹಸ ಬೇಕಿಲ್ಲ, ಪಕ್ಕದಲ್ಲೇ ಪೆಟ್ರೋಲ್ ತುಂಬಿದ ಬೈಕೂ ನಿಂತಿರುತ್ತದೆ.

ಜಿಡ್ಡು, ಬೆಂಕಿ, ಅಲಾರಂ

ಕೋಳಿ, ಕುರಿಯ ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿ ಏಳುವ ಹೊಗೆ ಪೈಪಿನ ಒಳಗೆ ಜಿಡ್ಡಾಗಿ ಕೂರುತ್ತದೆ. ಒಂದು ಕಿಡಿ ಸಾಕು, ಪೈಪೇ ಉರಿಯುತ್ತದೆ. ಹುಡ್ಡಿನ ಫಿಲ್ಟರ್ ವಾರಕ್ಕೊಮ್ಮೆ ಬಿಸಿ ನೀರು, ಸೋಡಾದಲ್ಲಿ ತೊಳೆಯಬೇಕು. ಪೈಪಿನ ಒಳಭಾಗ ತಿಂಗಳಿಗೊಮ್ಮೆ ಟಾರ್ಚ್ ಬಿಟ್ಟು ನೋಡಿ ಕೆರೆಸಬೇಕು. ಪೈಪ್ ಮಾಡಿಸುವಾಗಲೇ ಬೆಂಡ್ ಇರುವಲ್ಲಿ ಒಂದು ಬಾಗಿಲು ಬಿಡಿಸಿದರೆ ಮುಂದೆ ಈ ಕೆಲಸ ಸುಲಭ. ಜಿಡ್ಡಿನ ಬೆಂಕಿಗೆ ನೀರು ಹಾಕಬಾರದು.

ಕಾರ್ಬನ್ ಮೋನಾಕ್ಸೈಡ್ ಅಲಾರಂ ಅನ್ನುವ ಅಂಗೈಯಗಲದ ಯಂತ್ರ ಆನ್‌ಲೈನಿನಲ್ಲಿ ಸಿಗುತ್ತದೆ. ಹೊಗೆ ಅಲಾರಂ ಬೇರೆ, ಗ್ಯಾಸ್ ಸೋರಿಕೆಯ ಅಲಾರಂ ಬೇರೆ. ಅವೆರಡೂ ಈ ಅನಿಲವನ್ನು ಹಿಡಿಯುವುದಿಲ್ಲ. ಕೊಳ್ಳುವಾಗ ಹೆಸರು ನೋಡಿ ಕೊಳ್ಳಿ, ಅಂಕಿ ತೋರಿಸುವ ಪರದೆ ಇರುವುದನ್ನೇ ತಗೊಳ್ಳಿ. ಭಟ್ಟಿಯ ನೆತ್ತಿಯ ಮೇಲಲ್ಲ, ನಿಂತವರ ಮೂಗಿನ ಮಟ್ಟಕ್ಕೆ, ಭಟ್ಟಿಯಿಂದ ಹತ್ತು ಅಡಿಯಾಚೆ ಇಡಿ. ಒಂದು ವಿಷಯ ಗಮನದಲ್ಲಿರಲಿ: ಇವು ಮನೆಗೆಂದು ಮಾಡಿದವು, 70 ಪಿಪಿಎಂ ಇದ್ದರೆ ಕೂಗಲು ಒಂದು ತಾಸಿಗಿಂತ ಹೆಚ್ಚು ಹೊತ್ತು ತೆಗೆದುಕೊಳ್ಳಬಹುದು, 400 ಇದ್ದರೆ 15 ನಿಮಿಷದೊಳಗೆ ಕೂಗುತ್ತವೆ. ದಿನವಿಡೀ ಕೆಲಸ ಮಾಡುವ ಜಾಗದಲ್ಲಿ 35 ಪಿಪಿಎಂ ಮೀರಬಾರದು ಎಂದು ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದ್ದರಿಂದ ಕೂಗುವ ತನಕ ಕಾಯದೆ ಅಂಕಿ ನೋಡುತ್ತಿರಬೇಕು.

ಲೈಸೆನ್ಸ್, ದೂರು

ಆಹಾರ ವ್ಯಾಪಾರದ ನೋಂದಣಿ, ಲೈಸೆನ್ಸಿಗೆ ಸಂಬಂಧಿಸಿದ 2011ರ ಎಫ್‌ಎಸ್‌ಎಸ್‌ಎಐ ನಿಯಮಗಳ 4ನೇ ಷೆಡ್ಯೂಲ್‌ನಲ್ಲಿ ಅಡುಗೆ ಜಾಗಕ್ಕೆ ಸರಿಯಾದ ಗಾಳಿ ವ್ಯವಸ್ಥೆ ಇರಬೇಕೆಂಬ ಷರತ್ತು ಇದೆ. ಅಂದರೆ ಇದು ಮಾಲೀಕರ ಇಷ್ಟಕ್ಕೆ ಬಿಟ್ಟಿದ್ದಲ್ಲ. ಮಳಿಗೆ ಬಾಡಿಗೆಯದಾದರೆ ಪೈಪ್ ಹಾಕಲು ಕಟ್ಟಡದ ಮಾಲೀಕರ ಒಪ್ಪಿಗೆಯನ್ನು ಕರಾರು ಪತ್ರದಲ್ಲೇ ಬರೆಸಿಕೊಳ್ಳಿ, ಆಮೇಲೆ ಸ್ಲ್ಯಾಬ್ ಕೊರೆಯುವಾಗ ಜಗಳ ಬೇಡ.

ಪಕ್ಕದ ಅಂಗಡಿ, ಮೇಲಿನ ಮನೆಯವರು ಹೊಗೆಯಿಂದ ಕಷ್ಟಪಡುತ್ತಿದ್ದರೆ ಮೊದಲು ಮಾತಾಡಿ ನೋಡುವುದು ಒಳ್ಳೆಯದು. ಎಷ್ಟೋ ಕಡೆ ಪೈಪ್ ನಾಲ್ಕಡಿ ಎತ್ತರಿಸಿದರೆ ಮುಗಿಯುವ ವಿಷಯ. ಆಗದಿದ್ದರೆ ಟ್ರೇಡ್ ಲೈಸೆನ್ಸ್ ಕೊಡುವ ನಗರಾಡಳಿತಕ್ಕೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಸಾರ್ವಜನಿಕ ಉಪದ್ರವ ತೆಗೆಸಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ ಅಡಿ ಉಪವಿಭಾಗ ದಂಡಾಧಿಕಾರಿಗೆ ಅಧಿಕಾರ ಇದೆ. ಹಳೆಯ ಸಿಆರ್‌ಪಿಸಿಯ 133 ಅದೇ. ಆಹಾರ ಸುರಕ್ಷತೆಯ ದೂರಿಗೆ 1800112100.

ಇದ್ದಿಲು ಬಿಟ್ಟು ಗ್ಯಾಸ್ ತಂದೂರಿಗೆ ಬದಲಾಗುವ ಯೋಚನೆ ಇರುವವರೂ ಇದ್ದಾರೆ. 2025ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್ ಮುಂಬೈನ ಕಟ್ಟಿಗೆ, ಇದ್ದಿಲಿನ ಬೇಕರಿಗಳು ಆರು ತಿಂಗಳಲ್ಲಿ ಬೇರೆ ಇಂಧನಕ್ಕೆ ಬದಲಾಗಬೇಕೆಂದು ಹೇಳಿತ್ತು. ರುಚಿಯ ವಾದ ಬೇರೆ, ಅದನ್ನು ಗಿರಾಕಿಗಳು ತೀರ್ಮಾನಿಸಲಿ. ಗ್ಯಾಸ್ ಆದರೂ ಹುಡ್ಡು, ಪೈಪು, ಕಿಂಡಿ ಬೇಕೇ ಬೇಕು.

ಯಾರಾದರೂ ಬಿದ್ದರೆ

ಬೆಳಿಗ್ಗೆ ಶಟರ್ ಬಡಿದರೂ ಒಳಗಿನವರು ಏಳದಿದ್ದರೆ, ಅಥವಾ ಅಡುಗೆ ಜಾಗದಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಒಟ್ಟಿಗೆ ತಲೆನೋವು, ವಾಂತಿ ಶುರುವಾದರೆ ಮೊದಲ ಅನುಮಾನ ಇದರ ಮೇಲೆಯೇ ಇರಲಿ. ಶಟರ್, ಬಾಗಿಲು, ಕಿಟಕಿ ಎಲ್ಲ ತೆಗೆದು, ಸ್ವಲ್ಪ ಗಾಳಿ ಆಡಲು ಬಿಟ್ಟು, ಇಬ್ಬರು ಕೂಡಿ ಹೋಗಿ ಎಳೆದು ತನ್ನಿ. ಒಬ್ಬರೇ ನುಗ್ಗಿ ಒಳಗೇ ಕೂತು ಎಬ್ಬಿಸಲು ಹೋಗಬೇಡಿ. 108ಕ್ಕೆ ಕರೆ ಮಾಡಿ, ಬೆಂಕಿಯೂ ಇದ್ದರೆ 112. ಉಸಿರು ನಿಂತಿದ್ದರೆ ಬಲ್ಲವರು ಎದೆ ಒತ್ತುವುದನ್ನು ಶುರು ಮಾಡಲಿ. ನಿಂಬೆ ನೀರು, ಮಜ್ಜಿಗೆ ಬಾಯಿಗೆ ಹಾಕುವುದು, ಉಳ್ಳಾಗಡ್ಡಿ ಮೂಸಿಸುವುದು ಇದಕ್ಕೆ ಮದ್ದಲ್ಲ. ಎಚ್ಚರ ಇಲ್ಲದವರ ಬಾಯಿಗೆ ಹಾಕಿದ್ದು ಶ್ವಾಸಕೋಶಕ್ಕೆ ಹೋಗುತ್ತದೆ.

ಇದಕ್ಕೆ ಚಿಕಿತ್ಸೆ ಆಮ್ಲಜನಕ. ಬರೀ ಗಾಳಿಯಲ್ಲಿ ಇಟ್ಟರೆ ರಕ್ತದಲ್ಲಿನ ಈ ಅನಿಲ ಅರ್ಧಕ್ಕೆ ಇಳಿಯಲು ನಾಲ್ಕೈದು ತಾಸು ಬೇಕು. ಬಿಗಿಯಾದ ಮಾಸ್ಕಿನಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಒಂದು, ಒಂದೂವರೆ ತಾಸಿನಲ್ಲಿ ಇಳಿಯುತ್ತದೆ. ಆದ್ದರಿಂದ ದೇವದುರ್ಗ, ಮಾನ್ವಿಯವರು ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗಿ ಆಮ್ಲಜನಕ ಹಚ್ಚಿಸಿಕೊಂಡೇ ಅಲ್ಲಿಂದ ಮುಂದೆ ರಾಯಚೂರಿನ ರಿಮ್ಸ್‌ಗೆ ಹೋಗುವುದು ಸರಿ. ನೇರ ರಾಯಚೂರಿಗೆ ಕಾರು ಓಡಿಸಿದರೆ ದಾರಿಯ ಹೊತ್ತೆಲ್ಲ ಹಾಳು.

ಡಾಕ್ಟರಿಗೆ "ತಲೆಸುತ್ತಿ ಬಿದ್ದ" ಅಂತ ಮಾತ್ರ ಹೇಳಬೇಡಿ. "ಮುಚ್ಚಿದ ಅಂಗಡಿಯಲ್ಲಿ ಇದ್ದಿಲು ಇತ್ತು, ಇಷ್ಟು ಹೊತ್ತು ಒಳಗಿದ್ದ" ಅಂತ ಹೇಳಿ. ಕೋವಿಡ್ ಕಾಲದಿಂದ ಎಲ್ಲರ ಮನೆಯಲ್ಲೂ ಇರುವ, ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್ ಇಲ್ಲಿ ನಂಬಿಕೆಗೆ ಬರುವುದಿಲ್ಲ. ವಿಷಾನಿಲ ಅಂಟಿದ ಹಿಮೋಗ್ಲೋಬಿನ್‌ಗೂ ಆಮ್ಲಜನಕ ಇರುವ ಹಿಮೋಗ್ಲೋಬಿನ್‌ಗೂ ಅದಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ, 97, 98 ತೋರಿಸುತ್ತಲೇ ಇರುತ್ತದೆ. ಅದನ್ನು ನೋಡಿ ಮನೆಗೆ ಕರೆದುಕೊಂಡು ಬರಬೇಡಿ. ಚೇತರಿಸಿಕೊಂಡು ಮನೆಗೆ ಬಂದವರಲ್ಲೂ ಕೆಲವರಿಗೆ ದಿನಗಳ, ವಾರಗಳ ಮೇಲೆ ಮರೆವು, ಸಿಟ್ಟು, ನಡಿಗೆಯಲ್ಲಿ ತಡವರಿಕೆ ಕಾಣಿಸಿಕೊಳ್ಳಬಹುದು. ಹಾಗಾದರೆ ಹಳೆ ಚೀಟಿ ತೆಗೆದುಕೊಂಡು ಮತ್ತೆ ಅದೇ ಆಸ್ಪತ್ರೆಗೆ ಹೋಗಬೇಕು.